ಬುತ್ತಿಗಿಂತ ಮೊದಲು ದಿನ ಕಟ್ಟಿಕೊಳ್ಳಿ

ದಸರಾ ರಜೆ ಹತ್ತಿರವಾಗುತ್ತಿದ್ದಂತೆ ನೇಪಾಳದ ಅನ್ನಪೂರ್ಣ ಸರ್ಕ್ಯೂಟ್‌ಗೆ ಹೊರಟವರ ಮನೆಯಲ್ಲಿ ಸಾಮಾನಿನ ಪಟ್ಟಿ ಬೆಳೆಯತೊಡಗುತ್ತದೆ. ಡೌನ್ ಜಾಕೆಟ್ಟು, ಹೆಡ್‌ಲ್ಯಾಂಪು, ಉಣ್ಣೆಯ ಕಾಲುಚೀಲ, ಕೈಗೊಂದು ಟ್ರೆಕಿಂಗ್ ಕೋಲು. ಎಲ್ಲ ಮುಗಿದ ಮೇಲೆ ರಜೆಯ ಲೆಕ್ಕ: ಆಯುಧಪೂಜೆ, ವಿಜಯದಶಮಿ, ಆಚೀಚೆಯ ಎರಡು ವಾರಾಂತ್ಯ, ಮೇಲಧಿಕಾರಿಯನ್ನು ಕಾಡಿ ಪಡೆದ ಮೂರು ನಾಲ್ಕು ದಿನ. ಹೇಗೋ ಹತ್ತು ದಿನ ಕೂಡುತ್ತದೆ, ಆ ಹತ್ತರೊಳಗೆ ಬೆಟ್ಟವನ್ನು ಮಡಚಿ ತುಂಬುವ ಪ್ರಯತ್ನ ಶುರುವಾಗುತ್ತದೆ. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ವಾದ. ಜಾಕೆಟ್ಟು ಕಠ್ಮಂಡುವಿನ ಥಮೇಲ್‌ನಲ್ಲಿ ಬಾಡಿಗೆಗೆ ಸಿಗುತ್ತದೆ, ಮಲಗುವ ಚೀಲವೂ ಸಿಗುತ್ತದೆ. ದಿನಗಳನ್ನು ಬಾಡಿಗೆಗೆ ಕೊಡುವ ಅಂಗಡಿ ಮಾತ್ರ ಎಲ್ಲೂ ಇಲ್ಲ. ಶರತ್ಕಾಲದ ಈ ದೀರ್ಘ ಚಾರಣದಲ್ಲಿ ಜನ ಪಡುವ ಪಾಡುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ, ತಲೆನೋವಾಗಲಿ, ಹಿಮದಲ್ಲಿ ಸಿಕ್ಕಿಹಾಕಿಕೊಳ್ಳುವುದಾಗಲಿ, ಬಹುಪಾಲಿನ ಬುಡದಲ್ಲಿ ಕಾಣುವುದು ಸಾಮಾನಿನ ಕೊರತೆಗಿಂತ ದಿನದ ಕೊರತೆ.

ಹಾದಿಯ ಪರಿಚಯ ಚುಟುಕಾಗಿ ಹೇಳುವುದಾದರೆ, 1977ರಲ್ಲಿ ವಿದೇಶಿಯರಿಗೆ ತೆರೆದ ಈ ಮಾರ್ಗ ಅನ್ನಪೂರ್ಣ ಶ್ರೇಣಿಯನ್ನು ಒಂದು ಸುತ್ತು ಹಾಕುತ್ತದೆ. ಪೂರ್ವದಲ್ಲಿ ಮರ್ಸ್ಯಾಂಗ್ಡಿ ನದಿಯ ಕಣಿವೆ ಹಿಡಿದು ಬೇಸಿಶಹರ್‌ನಿಂದ ಮನಾಂಗ್‌ವರೆಗೆ ಏರು, ನಡುವೆ 5,416 ಮೀಟರ್ ಎತ್ತರದ ಥೊರೊಂಗ್ ಲಾ ಕಣಿವೆದಾರಿ, ಆಚೆ ಬದಿಗೆ ಮುಕ್ತಿನಾಥ, ಅಲ್ಲಿಂದ ಕಾಳಿಗಂಡಕಿಯ ಜೊತೆ ಇಳಿತ. ಅಕ್ಟೋಬರ್, ನವೆಂಬರ್ ಇದರ ಮುಖ್ಯ ಕಾಲ. ಮಳೆ ದೂಳನ್ನೆಲ್ಲ ತೊಳೆದು ಹೋಗಿರುವುದರಿಂದ ಆಕಾಶ ತಿಳಿಯಾಗಿರುತ್ತದೆ, ಚಳಿಗಾಲದ ಹಿಮ ಇನ್ನೂ ದಾರಿ ಮುಚ್ಚಿರುವುದಿಲ್ಲ. ಎಲೆ ಉದುರಿಸುವ ಋತು ನಮ್ಮ ಮಲೆನಾಡಿನಲ್ಲಿ ಹೀಗೆ ಎದ್ದು ಕಾಣುವುದಿಲ್ಲ. ಈ ಹಾದಿಯಲ್ಲಿ ಭೂರ್ಜದ ಮರಗಳು ಹಳದಿಯಾಗಿ, ಮುಳ್ಳುಪೊದೆಗಳು ಕೆಂಪಾಗಿ, ಫಾಪರ್ ಎಂಬ ಧಾನ್ಯದ ಹೊಲಗಳು ಕೊಯ್ಲಿಗೆ ಮುಂಚೆ ಕುಂಕುಮ ಚೆಲ್ಲಿದಂತೆ ಕಾಣುತ್ತವೆ. ಹಗಲು ಚಿಕ್ಕದು ಎಂಬುದನ್ನೂ ಮರೆಯಬಾರದು. ಅಕ್ಟೋಬರ್ ಕೊನೆಗೆ ಐದೂವರೆಯ ಸುಮಾರಿಗೆ ಸೂರ್ಯಾಸ್ತ, ಎರಡೂ ಕಡೆ ಬೆಟ್ಟವಿರುವ ಕಣಿವೆಯಲ್ಲಿ ಬಿಸಿಲು ಅದಕ್ಕೂ ಮೊದಲೇ ಎದ್ದು ಹೋಗುತ್ತದೆ, ಹೋದ ಕ್ಷಣದಲ್ಲೇ ಚಳಿ ಬಂದು ಕೂರುತ್ತದೆ. ಆದ್ದರಿಂದ ದಿನಕ್ಕೆ ಹತ್ತು ಗಂಟೆ ನಡೆದು ದಿನಗಳನ್ನು ಉಳಿಸುತ್ತೇವೆ ಎಂಬ ಲೆಕ್ಕ ಈ ಋತುವಿನಲ್ಲಿ ಕೂಡಿಬರುವುದಿಲ್ಲ.

ಈಗ ದೇಹದ ಮಾತು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಬೇಸಿಶಹರ್‌ನಿಂದ ಜೀಪಿನಲ್ಲಿ ಬಂದು ನಡಿಗೆ ಶುರುಮಾಡಬಹುದಾದ ಧಾರಾಪಾನಿ ಎಂಬ ಊರು 1,860 ಮೀಟರ್. ಅಂದರೆ ನಮ್ಮ ನಾಡಿನ ನೆತ್ತಿ ಎಲ್ಲಿ ಮುಗಿಯುತ್ತದೋ ಸುಮಾರು ಅಲ್ಲಿಂದ ಈ ಚಾರಣ ಶುರುವಾಗುತ್ತದೆ. ಕುಮಾರಪರ್ವತವನ್ನು ಹತ್ತು ಸಲ ಹತ್ತಿಳಿದವರ ಕಾಲು ಗಟ್ಟಿಯಾಗಿರುತ್ತದೆ ನಿಜ, ಆದರೆ ಕಡಿಮೆ ಆಮ್ಲಜನಕದಲ್ಲಿ ಉಸಿರಾಡುವ ಅಭ್ಯಾಸ ಅವರ ರಕ್ತಕ್ಕೂ ಶ್ವಾಸಕೋಶಕ್ಕೂ ಅಲ್ಲಿ ಸಿಕ್ಕಿರುವುದಿಲ್ಲ. ಥೊರೊಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಡಿಮೆ ಅರ್ಧ. ಅದಕ್ಕೆ ಒಗ್ಗಿಕೊಳ್ಳಲು ದೇಹಕ್ಕೆ ಗೊತ್ತು: ಉಸಿರು ಆಳವಾಗುತ್ತದೆ, ಮೂತ್ರ ಹೆಚ್ಚಾಗುತ್ತದೆ, ದಿನ ಕಳೆದಂತೆ ಕೆಂಪು ರಕ್ತಕಣ ಏರುತ್ತದೆ. ಆದರೆ ಇದೆಲ್ಲ ನಡೆಯುವುದು ಅದರದೇ ಗತಿಯಲ್ಲಿ, ನಮ್ಮ ರಜೆಯ ಅರ್ಜಿ ನೋಡಿಕೊಂಡಲ್ಲ. ಪರ್ವತವೈದ್ಯರು ಒಪ್ಪಿರುವ ಸೂತ್ರ ಸರಳ. 3,000 ಮೀಟರ್ ದಾಟಿದ ಮೇಲೆ ಇವತ್ತು ಮಲಗುವ ಜಾಗ ನಿನ್ನೆಯದಕ್ಕಿಂತ 500 ಮೀಟರ್‌ಗಿಂತ ಹೆಚ್ಚು ಮೇಲಿರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲು ತುಸು ಹೆಚ್ಚು ಎತ್ತರಕ್ಕೆ ಹೋಗಿ ಬಂದರೂ ತೊಂದರೆ ಇಲ್ಲ, ಲೆಕ್ಕ ಇರುವುದು ನಿದ್ದೆಯ ಎತ್ತರಕ್ಕೆ.

ಈ ಸೂತ್ರವನ್ನು ಹಾದಿಯ ಮೇಲೆ ಹಾಸಿ ನೋಡಿ. ಧಾರಾಪಾನಿಯಿಂದ ಚಾಮೆ (2,670), ಮರುದಿನ ಅಪ್ಪರ್ ಪಿಸಾಂಗ್ (3,300), ಆಮೇಲೆ ಘ್ಯಾರು ಏರಿ ಙಾವಲ್ (3,660), ನಂತರ ಸ್ವಲ್ಪ ಇಳಿದು ಮನಾಂಗ್ (3,540), ಅಲ್ಲಿ ಕನಿಷ್ಠ ಒಂದು, ಸಾಧ್ಯವಾದರೆ ಎರಡು ದಿನ ತಂಗುವುದು, ಮುಂದೆ ಯಾಕ್ ಖರ್ಕ (4,050), ಥೊರೊಂಗ್ ಫೇದಿ (ಸುಮಾರು 4,500), ಹತ್ತನೆಯ ದಿನ ಕಣಿವೆದಾರಿ ದಾಟಿ ಮುಕ್ತಿನಾಥ. ಹನ್ನೊಂದನೆಯ ದಿನ ಜೋಮ್‌ಸೋಮ್. ಇದಕ್ಕೆ ಕಠ್ಮಂಡುವಿನಿಂದ ಬರಲು, ಪೋಖರಾಕ್ಕೆ ಇಳಿಯಲು ತಗಲುವ ದಿನ ಸೇರಿಸಿ, ಹವಾಮಾನಕ್ಕೆಂದು ಮೂರು ದಿನ ಕೈಯಲ್ಲಿಟ್ಟುಕೊಂಡರೆ ಹದಿನಾರು ಹದಿನೇಳು ಆಯಿತು. ಪಿಸಾಂಗ್‌ನಿಂದ ಮನಾಂಗ್‌ಗೆ ಕೆಳಗಿನ ಜೀಪ್ ರಸ್ತೆಯೂ ಇದೆ, ಸುಲಭ. ಆದರೂ ಘ್ಯಾರುವಿನ ಮೇಲ್ದಾರಿಯನ್ನೇ ಹಿಡಿಯಿರಿ. ಅನ್ನಪೂರ್ಣದ ಎರಡನೆಯ ಶಿಖರ ಎದುರಿಗೇ ಎದ್ದು ನಿಲ್ಲುತ್ತದೆ ಎಂಬುದು ಒಂದು ಕಾರಣ, ಒಗ್ಗಿಕೊಳ್ಳುವ ಕೆಲಸಕ್ಕೆ ಆ ಏರು ಒಂದು ದಿನದ ಮುಂಗಡ ಕಟ್ಟಿದಂತೆ ಎಂಬುದು ದೊಡ್ಡ ಕಾರಣ. ದಾರಿಯ ಗುರುತು ಕಲ್ಲು, ಮರ, ಗೋಡೆಗಳ ಮೇಲೆ ಬಳಿದಿರುತ್ತದೆ: ಕೆಂಪು-ಬಿಳಿ ಪಟ್ಟೆ ಮುಖ್ಯ ಮಾರ್ಗಕ್ಕೆ, ನೀಲಿ-ಬಿಳಿ ಪಟ್ಟೆ ಕವಲುದಾರಿಗೆ.

ದೇಹ ಒಗ್ಗದಿದ್ದರೆ ಏನಾಗುತ್ತದೆ? ನೇಪಾಳಿಯಲ್ಲಿ ಅದಕ್ಕೆ ‘ಲೇಕ್ ಲಾಗ್ಯೋ’ ಎನ್ನುತ್ತಾರೆ, ಎತ್ತರ ತಗುಲಿತು ಎಂದು. ತಲೆನೋವು, ವಾಕರಿಕೆ, ಊಟ ಬೇಡವೆನಿಸುವುದು, ವಿಪರೀತ ಸುಸ್ತು ಇವು ಮೊದಲ ಸೂಚನೆ. ಇವು ಕಂಡಾಗ ಮಾಡಬೇಕಾದ್ದು ಒಂದೇ, ಮೇಲೆ ಹೋಗದೆ ಅಲ್ಲೇ ನಿಲ್ಲುವುದು. ಒಂದು ದಿನದಲ್ಲಿ ಕಡಿಮೆಯಾದರೆ ಮುಂದುವರಿಯಬಹುದು, ಹೆಚ್ಚಾದರೆ ಇಳಿಯಬೇಕು. ಇದಕ್ಕಿಂತ ಗಂಭೀರವಾದವು ಎರಡು: ಮಿದುಳಿನಲ್ಲಿ ನೀರು ತುಂಬುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಮೊದಲನೆಯದನ್ನು ಪತ್ತೆ ಮಾಡಲು ಯಂತ್ರ ಬೇಕಿಲ್ಲ. ತಂಗಿರುವ ಟೀಹೌಸ್‌ನ ಅಂಗಳದಲ್ಲಿ ಕೋಲಿನಿಂದ ಒಂದು ನೇರ ಗೆರೆ ಎಳೆದು, ಒಂದು ಪಾದದ ಬೆರಳ ತುದಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತ ಹತ್ತು ಹೆಜ್ಜೆ ನಡೆಯಲು ಹೇಳಿ. ಕುಡಿದವರಂತೆ ಪಕ್ಕಕ್ಕೆ ವಾಲಿದರೆ, ಗೆರೆ ಬಿಟ್ಟು ಕಾಲು ಹೊರಗೆ ಬಿದ್ದರೆ, ಮಾತು ತೊದಲಿದರೆ ಬೆಳಗಾಗಲೆಂದು ಕಾಯುವಂತಿಲ್ಲ, ರಾತ್ರಿಯೇ ಕೆಳಗಿಳಿಸಬೇಕು, ಒಬ್ಬರನ್ನೇ ಕಳಿಸದೆ ಜೊತೆಗೆ ಜನ ಕೊಟ್ಟು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಗುಲಾಬಿ ಬಣ್ಣದ ನೊರೆಗಫ ಕಂಡರೂ ಅಷ್ಟೇ. ಕೈಯಲ್ಲಿ ಹೆಚ್ಚಿನ ದಿನವಿಲ್ಲದವರು ಈ ಪರೀಕ್ಷೆಯನ್ನೇ ಮಾಡಿಕೊಳ್ಳುವುದಿಲ್ಲ, ಉತ್ತರ ಏನು ಬಂದರೂ ಮುಂದಕ್ಕೆ ಹೋಗಲೇಬೇಕಾದವರಿಗೆ ಪ್ರಶ್ನೆ ಕೇಳಿಕೊಳ್ಳುವ ಧೈರ್ಯ ಎಲ್ಲಿಂದ ಬರಬೇಕು? ತಲೆನೋವನ್ನು ‘ಬಿಸಿಲಿಗೆ’ ಎಂದು, ವಾಕರಿಕೆಯನ್ನು ‘ನಿನ್ನೆಯ ಮೊಟ್ಟೆಗೆ’ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ.

ಇಲ್ಲಿ ಎದುರುವಾದ ಬರುತ್ತದೆ. ‘ನಮ್ಮ ಆಫೀಸಿನ ಹುಡುಗರು ಒಂಬತ್ತು ದಿನದಲ್ಲಿ ಮುಗಿಸಿ ಬಂದರಲ್ಲ, ಅವರಿಗೇನೂ ಆಗಲಿಲ್ಲ.’ ಆಗದೇ ಇರಬಹುದು. ಎತ್ತರಕ್ಕೆ ಒಗ್ಗುವ ಶಕ್ತಿ ಒಬ್ಬೊಬ್ಬರಲ್ಲಿ ಒಂದೊಂದು ಥರ, ಅದು ಜಿಮ್‌ಗೆ ಹೋಗುವುದಕ್ಕೂ ವಯಸ್ಸಿಗೂ ಕಟ್ಟುಬಿದ್ದಿಲ್ಲ. ಮ್ಯಾರಥಾನ್ ಓಡುವವರಿಗೂ ಲೇಕ್ ತಗಲುತ್ತದೆ, ಬೇಗ ನಡೆಯಬಲ್ಲ ಕಾಲೇ ಅವರನ್ನು ಬೇಗ ಮೇಲಕ್ಕೊಯ್ದು ಕೆಡಿಸುವುದುಂಟು. ಮೇಲಾಗಿ, ಮುಗಿಸಿ ಬಂದವರು ಕಣಿವೆದಾರಿಯ ಫಲಕದ ಮುಂದೆ ನಿಂತ ಫೋಟೊ ಹಂಚುತ್ತಾರೆ, ಯಾಕ್ ಖರ್ಕದಿಂದ ವಾಪಸಾದವರು ಯಾವ ಫೋಟೊ ಹಂಚಿಯಾರು? ನಮ್ಮ ಕಿವಿಗೆ ಬೀಳುವುದು ಗೆದ್ದವರ ಕಥೆ ಮಾತ್ರ. ಇನ್ನು ಡಯಾಮಾಕ್ಸ್ ಮಾತ್ರೆಯ ಭರವಸೆ. ತಡೆಗೆಂದು ಸಾಮಾನ್ಯವಾಗಿ 125 ಮಿಲಿಗ್ರಾಂನಂತೆ ದಿನಕ್ಕೆರಡು ಸಲ ಕೊಡುವ ಈ ಔಷಧ ನಿಜಕ್ಕೂ ಕೆಲಸ ಮಾಡುತ್ತದೆ. ದೇಹ ಒಗ್ಗಿಕೊಳ್ಳುವ ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ಅದರ ಬದಲಿಗೆ ನಿಲ್ಲುವುದಿಲ್ಲ. ಸಲ್ಫಾ ಅಲರ್ಜಿ ಇರುವವರು, ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಮುಟ್ಟಬಾರದು, ಉಳಿದವರೂ ಊರಲ್ಲೇ ವೈದ್ಯರಿಗೆ ತೋರಿಸಿ ಒಮ್ಮೆ ತೆಗೆದುಕೊಂಡು ನೋಡುವುದು ಲೇಸು. ಬೆರಳ ತುದಿ ಜುಮ್ಮೆನ್ನುವುದು ಅದರ ಗುಣ, ಹೆದರಬೇಕಿಲ್ಲ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಅಂಕಿಯನ್ನು ಕಂಡು ಹಿಗ್ಗುವುದು, ಕುಗ್ಗುವುದು ಎರಡೂ ಬೇಡ, ಚಳಿಗೆ ಮರಗಟ್ಟಿದ ಬೆರಳಿನಲ್ಲಿ ಅದು ಏನನ್ನಾದರೂ ತೋರಿಸುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು: ಮನಾಂಗ್‌ವರೆಗೆ ಜೀಪ್ ಹೋಗುತ್ತದೆ, ಆಚೆ ಮುಕ್ತಿನಾಥಕ್ಕೂ ರಸ್ತೆ ಇದೆ, ಹಾಗಿರುವಾಗ ದೂಳು ಕುಡಿಯುತ್ತ ನಡೆಯುವುದೇಕೆ? ಈ ಮಾತಿನಲ್ಲಿ ಅರ್ಧವನ್ನು ಒಪ್ಪುತ್ತೇನೆ. ಬೇಸಿಶಹರ್‌ನಿಂದ ಧಾರಾಪಾನಿಯವರೆಗೆ ಜೀಪಿನಲ್ಲಿ ಹೋದರೆ ದೇಹ ಕಳೆದುಕೊಳ್ಳುವುದು ಏನೂ ಇಲ್ಲ, ಆ ಎತ್ತರದಲ್ಲಿ ಒಗ್ಗಿಕೊಳ್ಳುವ ಕೆಲಸ ಶುರುವಾಗಿಯೇ ಇರುವುದಿಲ್ಲ. ಉಳಿದ ದಿನವನ್ನು ಮೇಲಿನ ಊರುಗಳಿಗೆ ಕೊಡಬಹುದು. ಆದರೆ ಬೇಸಿಶಹರ್‌ನಲ್ಲಿ ಹತ್ತಿ ಒಂದೇ ದಿನಕ್ಕೆ ಮನಾಂಗ್‌ನಲ್ಲಿ ಇಳಿದರೆ 760 ಮೀಟರ್‌ನಿಂದ 3,540 ಮೀಟರ್‌ಗೆ ಒಂದೇ ನೆಗೆತ. ಲೇಹ್‌ಗೆ ವಿಮಾನದಲ್ಲಿ ಇಳಿದವರು ಎರಡು ದಿನ ಹಾಸಿಗೆ ಬಿಟ್ಟು ಏಳದಿರುವುದು ಯಾಕೆಂದು ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಸ್ತೆ ಕಾಲಿನ ಶ್ರಮವನ್ನು ಉಳಿಸಿತು, ಶ್ವಾಸಕೋಶದ ಶ್ರಮವನ್ನು ಉಳಿಸಲಿಲ್ಲ. ಹಾಗೆ ಬಂದವರು ಮನಾಂಗ್‌ನಲ್ಲಿ ಮೂರು ನಾಲ್ಕು ರಾತ್ರಿ ಕಳೆದು ಆ ಸಾಲ ತೀರಿಸಿಯೇ ಮುಂದೆ ಹೊರಡಬೇಕು. ಈ ಮಾತು ನಡೆಯದವರಿಗೂ ಅನ್ವಯಿಸುತ್ತದೆ. ಮುಕ್ತಿನಾಥ ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದು, ಕಾಳಿಗಂಡಕಿ ಸಾಲಿಗ್ರಾಮದ ನದಿ, ಹೀಗಾಗಿ ಕರ್ನಾಟಕದ ವೈಷ್ಣವ ಮನೆಗಳಿಂದ ಅಲ್ಲಿಗೆ ಹೋಗುವ ಹಿರಿಯರು ಕಡಿಮೆಯಲ್ಲ. ಬೆಳಿಗ್ಗೆ 820 ಮೀಟರ್‌ನ ಪೋಖರಾದಲ್ಲಿ ವಿಮಾನ ಹತ್ತಿ, ಇಪ್ಪತ್ತು ನಿಮಿಷಕ್ಕೆ 2,720 ಮೀಟರ್‌ನ ಜೋಮ್‌ಸೋಮ್‌ನಲ್ಲಿಳಿದು, ಮಧ್ಯಾಹ್ನದೊಳಗೆ ಜೀಪಿನಲ್ಲಿ 3,700 ದಾಟಿ, 108 ಧಾರೆಗಳ ಹಿಮದಂಥ ನೀರಿಗೆ ತಲೆಕೊಡುವುದು ಬಿಪಿ, ಹೃದಯದ ತೊಂದರೆ ಇರುವ ದೇಹಕ್ಕೆ ಚಾರಣಕ್ಕಿಂತ ಕಠಿಣ. ಒಂದು ರಾತ್ರಿ ಜೋಮ್‌ಸೋಮ್ ಅಥವಾ ಮುಕ್ತಿನಾಥದ ಕೆಳಗಿನ ಕಾಗ್‌ಬೇನಿಯಲ್ಲಿ ತಂಗಿ, ಮರುದಿನ ದರ್ಶನ ಮುಗಿಸಿ ಕೆಳಗಿಳಿದೇ ಮಲಗುವ ಏರ್ಪಾಡು ಮಾಡಿಕೊಡಿ.

ದಿನ ಬೇಕಾಗುವ ಇನ್ನೊಂದು ಕಾರಣ ಆಕಾಶ. ಶರತ್ಕಾಲ ಎಂದರೆ ತಿಳಿ ಆಕಾಶ ಎಂಬ ನಂಬಿಕೆ ಬಹುಪಾಲು ನಿಜ, ಆದರೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವ ಕಾಲವೂ ಇದೇ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಅದರ ಉಳಿದ ತೇವಾಂಶ ಉತ್ತರಕ್ಕೆ ಸಾಗಿ 14ರಂದು ಥೊರೊಂಗ್ ಲಾದ ಮೇಲೆ ಹಿಮವಾಗಿ ಸುರಿಯಿತು. ಹಿಮ ಬೀಳುತ್ತಿದ್ದಾಗಲೇ ಕಣಿವೆದಾರಿಗೆ ಹೊರಟವರು ಹಲವರು. ಆ ದಿನಗಳಲ್ಲಿ ಅನ್ನಪೂರ್ಣ, ಧವಳಗಿರಿ ಸೀಮೆಯಲ್ಲಿ ಕನಿಷ್ಠ 43 ಜನ ಸತ್ತರು. ವಿದೇಶಿ ಚಾರಣಿಗರಷ್ಟೇ ಅಲ್ಲ, ನೇಪಾಳದ ಗೈಡ್‌ಗಳೂ ಪೋರ್ಟರ್‌ಗಳೂ ಇದ್ದರು. ಎಲ್ಲರ ಸಾವಿಗೂ ಆತುರವೇ ಕಾರಣ ಎಂದರೆ ಅನ್ಯಾಯವಾದೀತು, ಮುನ್ಸೂಚನೆ ಮೇಲಿನ ತಂಗುದಾಣಗಳಿಗೆ ಸರಿಯಾಗಿ ತಲುಪಿರಲಿಲ್ಲ, ಹಿಮಕುಸಿತಕ್ಕೆ ಸಿಕ್ಕವರೂ ಇದ್ದರು. ಆದರೆ ಫೇದಿಯಲ್ಲಿ ಎರಡು ದಿನ ಸುಮ್ಮನೆ ಕೂರುವಷ್ಟು ಪುರುಸೊತ್ತು ಇದ್ದವರಿಗೆ ಆ ಬೆಳಿಗ್ಗೆ ಒಂದು ಆಯ್ಕೆ ಇತ್ತು, ಮುಂದಿನ ವಿಮಾನದ ಟಿಕೆಟ್ ಕಿಸೆಯಲ್ಲಿದ್ದವರಿಗೆ ಆ ಆಯ್ಕೆ ಇಕ್ಕಟ್ಟಿನದಾಗಿತ್ತು ಎಂದು ಹೇಳಬಹುದು. ಇದರಿಂದ ನಮ್ಮ ಕಡೆಯವರು ಕಲಿಯಬಹುದಾದ ಉಪಾಯ ಒಂದಿದೆ: ಮನಾಂಗ್‌ನಲ್ಲಿದ್ದಾಗ ಊರಿಗೆ ಫೋನ್ ಮಾಡಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಇದೆಯೇ ಎಂದು ಕೇಳಿಕೊಳ್ಳಿ. ಆಂಧ್ರ, ಒಡಿಶಾ ತೀರಕ್ಕೆ ಚಂಡಮಾರುತ ಬರುತ್ತಿದೆ ಎಂದರೆ ಎರಡು ಮೂರು ದಿನದಲ್ಲಿ ಅದರ ಬಾಲ ಹಿಮಾಲಯವನ್ನು ಬಡಿಯಬಹುದು. ಆಗ ಮನಾಂಗ್ ಬಿಟ್ಟು ಮೇಲೆ ಹೋಗಬೇಡಿ.

ಕಣಿವೆದಾರಿ ದಾಟುವ ದಿನದ ಬಗ್ಗೆ ತುಸು ವಿವರ ಬೇಕು. ಫೇದಿಯಿಂದ ಸುಮಾರು 900 ಮೀಟರ್ ಏರು, ಆಮೇಲೆ 1,600 ಮೀಟರ್‌ಗೂ ಮಿಕ್ಕ ಇಳಿತ, ಎರಡೂ ಒಂದೇ ಹಗಲಿನಲ್ಲಿ. ಫೇದಿಯ ಮೇಲೆ 4,850 ಮೀಟರ್ ಆಸುಪಾಸಿನಲ್ಲಿ ಹೈಕ್ಯಾಂಪ್ ಇದೆ. ಅಲ್ಲಿ ಮಲಗಿದರೆ ಬೆಳಗಿನ ಏರು ಕಡಿಮೆಯಾಗುತ್ತದೆಂದು ಹಲವರು ಹಿಂದಿನ ಸಂಜೆಯೇ ಏರಿಬಿಡುತ್ತಾರೆ. ಯಾಕ್ ಖರ್ಕದಿಂದ ನೇರ ಅಲ್ಲಿಗೆ ಹೋದರೆ ನಿದ್ದೆಯ ಎತ್ತರ ಒಂದೇ ಏಟಿಗೆ 800 ಮೀಟರ್ ಜಿಗಿಯುತ್ತದೆ, ರಾತ್ರಿಯಿಡೀ ನಿದ್ದೆ ಬಾರದೆ, ತಲೆ ಸಿಡಿಯುತ್ತ, ಬೆಳಿಗ್ಗೆ ಗಂಜಿಯೂ ಒಳಗಿಳಿಯದೆ ಹೊರಡುವ ಪಾಡು ಬರುತ್ತದೆ. ಎರಡು ಗಂಟೆಯ ಏರನ್ನು ಉಳಿಸಲು ತೆರುವ ಬೆಲೆ ಜಾಸ್ತಿಯಾಯಿತು. ಫೇದಿಯಲ್ಲೇ ಮಲಗಿ, ನಸುಕಿನ ನಾಲ್ಕಕ್ಕೋ ಐದಕ್ಕೋ ಹೆಡ್‌ಲ್ಯಾಂಪ್ ಹಚ್ಚಿ ಹೊರಡಿ. ತಡವಾದಷ್ಟೂ ಮೇಲೆ ಗಾಳಿ ಬಿರುಸಾಗುತ್ತದೆ. ಹಿಂದಿನ ರಾತ್ರಿ ನೀರಿನ ಬಾಟಲಿ, ಫೋನು, ಬ್ಯಾಟರಿ, ಮರುದಿನ ತೊಡುವ ಕಾಲುಚೀಲ ಎಲ್ಲವನ್ನೂ ಮಲಗುವ ಚೀಲದೊಳಗೇ ಇಟ್ಟುಕೊಳ್ಳಿ. ದಾರಿಯಲ್ಲಿ ಬಾಟಲಿಯನ್ನು ತಲೆಕೆಳಗಾಗಿಡಿ: ನೀರು ಮೇಲಿನಿಂದ ಹೆಪ್ಪುಗಟ್ಟುತ್ತದೆ, ಮುಚ್ಚಳದ ಕಡೆ ದ್ರವವಾಗಿಯೇ ಉಳಿಯುತ್ತದೆ. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿ ಬನಿಯನ್ ಆ ದಿನ ಮೈಮೇಲಿರಕೂಡದು. ಅಲ್ಲಿನವರ ‘ಬಿಸ್ತಾರೈ, ಬಿಸ್ತಾರೈ’ ಎಂಬ ಮಾತನ್ನು ಉಪಚಾರದ ಮಾತೆಂದುಕೊಳ್ಳಬೇಡಿ, ಮೂಗಿನಿಂದಲೇ ಉಸಿರಾಡಲು ಆಗುವಷ್ಟು ನಿಧಾನ ನಡೆಯಿರಿ ಎಂಬ ಕಟ್ಟುನಿಟ್ಟಾದ ಸಲಹೆ ಅದು.

ತಂಗುವ ದಿನಗಳಲ್ಲಿ ಬೇಸರವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಂಗುವುದೆಂದರೆ ಹೊದ್ದು ಮಲಗುವುದಲ್ಲ. ಮನಾಂಗ್‌ನಿಂದ ಗಂಗಾಪೂರ್ಣ ಹಿಮನದಿಯ ಸರೋವರಕ್ಕೆ ಇಳಿದು ಎದುರಿನ ದಿಬ್ಬ ಏರಬಹುದು, ಬ್ರಾಗಾದ ಹಳೆಯ ಬೌದ್ಧ ಗೊಂಪ ನೋಡಬಹುದು, ಮೈ ಒಗ್ಗಿದ್ದರೆ 4,600 ಮೀಟರ್‌ನ ಐಸ್ ಲೇಕ್‌ವರೆಗೂ ಹೋಗಿ ಸಂಜೆಗೆ ಕೆಳಗಿಳಿಯಬಹುದು. 1973ರಲ್ಲಿ ಹುಟ್ಟಿದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ ಚಾರಣದ ಋತುವಿನಲ್ಲಿ ಮನಾಂಗ್‌ನಲ್ಲಿ ಚಿಕಿತ್ಸಾಕೇಂದ್ರ ನಡೆಸುತ್ತದೆ, ಎತ್ತರದ ಕಾಯಿಲೆಯ ಬಗ್ಗೆ ವೈದ್ಯರು ಮಧ್ಯಾಹ್ನ ಉಪನ್ಯಾಸ ಕೊಡುತ್ತಾರೆ, ತಪ್ಪಿಸಬೇಡಿ. ಊಟದ ವಿಷಯದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ದಾಲ್ ಭಾತ್ ಎಲ್ಲೆಡೆ ಸಿಗುತ್ತದೆ, ಸಾಕೆನ್ನುವವರೆಗೆ ಬಡಿಸುತ್ತಾರೆ. ಮಾಂಸ ಕೆಳಗಿನಿಂದ ದಿನಗಟ್ಟಲೆ ಹೊತ್ತು ತಂದದ್ದಾದ್ದರಿಂದ ಮೇಲೆ ಹೋದಂತೆ ಬಿಡುವುದೇ ಒಳ್ಳೆಯದು. ಎತ್ತರದಲ್ಲಿ ನಾಲಿಗೆಗೆ ರುಚಿ ಹೋಗುತ್ತದೆ, ಊಟ ಒಳಗಿಳಿಯದಿದ್ದರೆ ಚಳಿ ತಡೆಯುವ ಶಕ್ತಿಯೂ ಇಳಿಯುತ್ತದೆ, ಅದಕ್ಕೆ ನಮ್ಮ ಕಡೆಯವರ ಬಳಿ ಇರುವ ಪರಮೌಷಧ ಕಾಲು ಕಿಲೋ ಚಟ್ನಿಪುಡಿ. ಪ್ಲಾಸ್ಟಿಕ್ ಬಾಟಲಿಯ ನೀರು ಕೊಳ್ಳದೆ ಕುದಿಸಿದ ನೀರು ಅಥವಾ ಕ್ಲೋರಿನ್ ಮಾತ್ರೆ ಬಳಸಿ.

ಹೆಚ್ಚು ದಿನ ಎಂದರೆ ಹೆಚ್ಚು ಖರ್ಚು ಎಂಬ ಆಕ್ಷೇಪಣೆ ನ್ಯಾಯವಾದದ್ದು. ಕೋಣೆ, ಊಟ, ಗೈಡ್, ಪೋರ್ಟರ್ ಎಲ್ಲರ ಲೆಕ್ಕವೂ ದಿನದ ಮೇಲೆ ಓಡುತ್ತದೆ, 2023ರ ಏಪ್ರಿಲ್‌ನಿಂದ ವಿದೇಶಿ ಚಾರಣಿಗರಿಗೆ ಗೈಡ್ ಕಡ್ಡಾಯ ಎಂಬ ನಿಯಮವೂ ಬಂದಿದೆ. ಆದರೆ ಹೆಲಿಕಾಪ್ಟರ್ ಕರೆಸುವ ಖರ್ಚಿನ ಮುಂದೆ ನಾಲ್ಕು ದಿನದ ದಾಲ್ ಭಾತ್ ಏನೇನೂ ಅಲ್ಲ. ವಿಮೆ ಮಾಡಿಸುವಾಗ 5,416 ಮೀಟರ್ ಎತ್ತರವೂ ಹೆಲಿಕಾಪ್ಟರ್ ರಕ್ಷಣೆಯೂ ಸೇರಿದೆಯೇ ಎಂದು ಸಣ್ಣ ಅಕ್ಷರ ಓದಿ ನೋಡಿ. ಉಳಿಸಬೇಕೆಂದರೆ ಸಾಮಾನಿನಲ್ಲಿ ಉಳಿಸಿ. ಇಬ್ಬರ ಹೊರೆ ಸೇರಿ ಇಪ್ಪತ್ತು ಕಿಲೋ ದಾಟದಿದ್ದರೆ ಇಬ್ಬರಿಗೂ ಒಬ್ಬರೇ ಪೋರ್ಟರ್ ಸಾಕು. ಕೆಳಗಿನ ಗುಡ್ಡಗಾಡಿನಿಂದ ಬರುವ ಪೋರ್ಟರ್‌ಗೂ ನಿಮ್ಮಷ್ಟೇ ಲೇಕ್ ತಗಲುತ್ತದೆ, ಕೂಲಿ ತಪ್ಪೀತೆಂದು ಅವರು ಬಾಯಿ ಬಿಡುವುದಿಲ್ಲ. ಅವರ ಜಾಕೆಟ್ಟು, ಶೂ, ವಿಮೆ ವಿಚಾರಿಸುವುದು, ದಿನಕ್ಕೊಮ್ಮೆ ‘ತಲೆನೋವಿದೆಯೇ’ ಎಂದು ಕೇಳುವುದು ಕರೆದೊಯ್ದವರ ಹೊಣೆ. ಭಾರತೀಯರಿಗೆ ವೀಸಾ ಬೇಕಿಲ್ಲ, ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು. ಅನ್ನಪೂರ್ಣ ಸಂರಕ್ಷಣಾ ಪ್ರದೇಶದ ಪ್ರವೇಶ ಶುಲ್ಕ ಸಾರ್ಕ್ ದೇಶದವರಿಗೆ ಇತರ ವಿದೇಶಿಯರಿಗಿಂತ ಕಡಿಮೆ. ನಮ್ಮ 100 ರೂಪಾಯಿಗೆ ಅಲ್ಲಿಯ 160, ನಗದನ್ನು ಕೆಳಗೇ ಬದಲಿಸಿಕೊಂಡು ಹೋಗಿ, ದಾರಿಯ ಎಟಿಎಂಗಳನ್ನು ನಂಬಬೇಡಿ.

ಕೊನೆಗೆ ಉಳಿಯುವುದು ರಜೆಯೇ ಸಿಗದವರ ಪ್ರಶ್ನೆ. ಇದಕ್ಕೆ ಸಮಾಧಾನದ ಉತ್ತರ ನನ್ನಲ್ಲಿಲ್ಲ. ಹತ್ತೇ ದಿನ ಇದ್ದರೆ ದೊಡ್ಡ ಹಾದಿಯನ್ನು ಕುಗ್ಗಿಸಬೇಡಿ, ಚಿಕ್ಕ ಹಾದಿಯನ್ನು ಆರಿಸಿಕೊಳ್ಳಿ. ಘೋರೆಪಾನಿ, 3,210 ಮೀಟರ್‌ನ ಪೂನ್ ಹಿಲ್, ಘಾಂದ್ರುಕ್ ಸುತ್ತಿ ಬರಲು ಐದಾರು ದಿನ ಸಾಕು, ಅದೇ ಧವಳಗಿರಿ, ಅದೇ ಅನ್ನಪೂರ್ಣ ಅಲ್ಲಿಂದಲೂ ಕಾಣುತ್ತವೆ. ಸರ್ಕ್ಯೂಟ್‌ಗೇ ಹೋಗಬೇಕೆನ್ನುವವರು ಒಂದು ವರ್ಷ ಕಾದು ರಜೆ ಕೂಡಿಹಾಕಲಿ. ಕೈಯಲ್ಲಿಟ್ಟುಕೊಂಡ ಮೂರು ದಿನ ಖರ್ಚಾಗದೆ ಕಣಿವೆದಾರಿಯ ಆಚೆ ಇಳಿದರೆ, ಅವನ್ನು ಕಾಗ್‌ಬೇನಿಯ ಮಣ್ಣಿನ ಓಣಿಗಳಲ್ಲಿ, ಸೇಬಿನ ಕೊಯ್ಲು ಮುಗಿದು ಸೂರಿನ ಮೇಲೆ ಹೋಳು ಒಣಗಿಸುವ ಮಾರ್ಫಾದಲ್ಲಿ ಕಳೆಯಬಹುದು. ಒಂದನ್ನು ಮಾತ್ರ ಕೊನೆಯವರೆಗೂ ಮುಟ್ಟದೆ ಇಡಿ. ಕಾಳಿಗಂಡಕಿಯ ಕಣಿವೆಯಲ್ಲಿ ಹತ್ತು ಹನ್ನೊಂದರ ಹೊತ್ತಿಗೆ ದಕ್ಷಿಣದಿಂದ ಗಾಳಿ ಎದ್ದು ಸಂಜೆವರೆಗೂ ಮರಳು ಎರಚುತ್ತದೆ, ಅದಕ್ಕೇ ಜೋಮ್‌ಸೋಮ್‌ನ ವಿಮಾನಗಳು ಬೆಳಿಗ್ಗೆ ಮಾತ್ರ ಹಾರುತ್ತವೆ. ಅವತ್ತಿನ ಗಾಳಿ ಬೇಗ ಎದ್ದರೆ ವಿಮಾನ ರದ್ದು, ನಿಮಗೆ ಉಳಿಯುವುದು ಪೋಖರಾಕ್ಕೆ ಇಡೀ ದಿನದ ಜೀಪ್ ಪ್ರಯಾಣ.